ಕಂಪನಿ ಇಟ್ಟ ಹೆಸರು ಬೇರೆ, ಊರು ಕರೆಯೋ ಹೆಸರು ಬೇರೆ

ಕಾರು ಹುಚ್ಚಿರೋ ಹುಡುಗ್ರ ಜೊತೆ ಟೀ ಕುಡಿಯೋಕೆ ನಿಂತಾಗ ಅಪ್ಪಿತಪ್ಪಿ ಬಿಎಂಡಬ್ಲ್ಯೂ ಕಾರನ್ನ "ಬೀಮರ್" ಅಂದ್ಬಿಡಿ, ಒಬ್ಬ ತಿದ್ದೇ ತಿದ್ತಾನೆ. "ಗುರು, ಬೀಮರ್ ಅಂದ್ರೆ ಬೈಕು, ಕಾರಿಗೆ ಬಿಮ್ಮರ್ ಅನ್ಬೇಕು." ಅವನು ಓಡ್ಸೋದು ಸೆಕೆಂಡ್ ಹ್ಯಾಂಡ್ ಆಲ್ಟೋ, ಅದು ಬೇರೆ ವಿಷ್ಯ. ಹೇಳೋದೇನೂ ಸುಳ್ಳಲ್ಲ. ಇಂಗ್ಲೆಂಡಲ್ಲಿ ಬಿಎಸ್‌ಎ ಅಂತ ಬೈಕ್ ಕಂಪನಿ ಇತ್ತಲ್ಲ, ಅದನ್ನ ಅಲ್ಲಿನೋರು ಸಲಿಗೆಯಿಂದ ಬೀಜರ್ ಅಂತಿದ್ರು, ಅದೇ ಪ್ರಾಸ ಹಿಡ್ಕೊಂಡು ಬಿಎಂಡಬ್ಲ್ಯೂ ಬೈಕು ಬೀಮರ್ ಆಯ್ತು, ಆಮೇಲೆ ಕಾರಿಗೆ ಬೇರೆ ಹೆಸರಿರ್ಲಿ ಅಂತ ಬಿಮ್ಮರ್ ಹುಟ್ಕೊಳ್ತು. ಇಷ್ಟೇ ಕಥೆ. ಆದ್ರೆ ಇದನ್ನ ವ್ಯಾಕರಣ ಮೇಷ್ಟ್ರ ತರ ಹಿಡ್ಕೊಂಡು ಕಂಡಕಂಡೋರನ್ನ ತಿದ್ತಾರಲ್ಲ, ಅದು ನನಗೆ ಸ್ವಲ್ಪ ಅತಿ ಅನ್ಸುತ್ತೆ. ಅಡ್ಡಹೆಸರಿಗೆ ಯಾರಪ್ಪಾ ರೂಲ್ಸ್ ಮಾಡಿದ್ದು?

ಅಡ್ಡಹೆಸರು ಹೆಂಗೆ ಹುಟ್ಟುತ್ತೆ ಅಂತ ನೋಡ್ಬೇಕಾದ್ರೆ ಜರ್ಮನಿ ಇಂಗ್ಲೆಂಡ್ ತನಕ ಹೋಗೋದೇ ಬೇಡ, ನಮ್ಮ ಕೋಲಾರದ ಎಪಿಎಂಸಿ ಯಾರ್ಡಿಗೆ ಬಂದು ಸುಮ್ನೆ ಒಂದು ಗಂಟೆ ನಿಂತ್ಕೊಂಡ್ರೆ ಸಾಕು.

ನಮ್ಮ ಚಿಕ್ಕಪ್ಪ ಲಾರಿ ಓಡಿಸ್ತಿದ್ದೋರು, ಈಗ ಮನೇಲೇ ಇರ್ತಾರೆ. ಅವರಿಗೆ ಬೆಂಜ್ ಅಂದ್ರೆ ಕಾರಲ್ಲ, ಲಾರಿ. ಒಂದ್ಸಲ ನರಸಾಪುರ ಹತ್ರ ಹೈವೇಲಿ ಕರೀ ಬೆಂಜ್ ಕಾರು ಝುಮ್ ಅಂತ ಪಾಸಾಯ್ತು, "ನೋಡು ಚಿಕ್ಕಪ್ಪ, ಬೆಂಜ್" ಅಂದೆ, ಅದಕ್ಕವರು "ಅದೆಂಥ ಬೆಂಜೋ, ನಾನು ಓಡ್ಸಿದ್ದು ಬೆಂಜು. ಮೂತಿ ಮುಂದಕ್ಕೆ ಚಾಚ್ಕೊಂಡಿರ್ತಿತ್ತು, ಹತ್ತು ಟನ್ ಹಾಕಿದ್ರೂ ಉಸಿರು ಬಿಡ್ತಿರ್ಲಿಲ್ಲ" ಅಂದ್ರು. ಅವರು ಓಡಿಸಿದ್ದು ಟಾಟಾ ಲಾರಿ. ಆದ್ರೂ ಬೆಂಜ್ ಯಾಕೆ ಅಂದ್ರೆ, 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡ್ಕೊಂಡು ಇಲ್ಲಿ ಲಾರಿ ಮಾಡೋಕೆ ಶುರು ಮಾಡಿದ್ರು, ಆ ಲಾರಿಗಳ ಮೂತಿ ಮೇಲೆ ಈಗಿನ ಬೆಂಜ್ ಕಾರಲ್ಲಿರೋ ಅದೇ ಮೂರು ಮೊನೆಯ ನಕ್ಷತ್ರ ಇರ್ತಿತ್ತು. 1969ಕ್ಕೆ ಒಪ್ಪಂದ ಮುಗೀತು, ನಕ್ಷತ್ರ ಹೋಗಿ ಟಿ ಅಕ್ಷರ ಬಂತು, ಜರ್ಮನ್ನೋರು ಹೋದ್ರು, ಆದ್ರೆ ಡ್ರೈವರುಗಳ ಬಾಯಿಂದ ಬೆಂಜ್ ಹೋಗ್ಲಿಲ್ಲ. ಚಿಕ್ಕಪ್ಪ ಸ್ಟೇರಿಂಗ್ ಹಿಡಿಯೋ ಹೊತ್ತಿಗೆ ಒಪ್ಪಂದ ಮುಗಿದು ಎಷ್ಟೋ ಕಾಲ ಆಗಿತ್ತು, ಅವರು ಕ್ಲೀನರಾಗಿದ್ದಾಗ ಗುರುಗಳು ಬೆಂಜ್ ಅಂತಿದ್ರು, ಇವರೂ ಅದನ್ನೇ ಅಂದ್ರು.

ಫಾರಿನ್ನಲ್ಲಿ ಬೆಂಜ್ ಕಾರಿಗೆ ಮರ್ಕ್ ಅಂತಾರೆ, ಮರ್ಸಿಡಿಸ್ ಬೆಂಜ್ ಅನ್ನೋ ಹೆಸರಿನ ಮೊದಲರ್ಧ ಹಿಡ್ಕೊಂಡ್ರು, ನಾವು ಕೊನೆ ಹಿಡ್ಕೊಂಡ್ವಿ. ಆ ಮೊದಲರ್ಧದ ಕಥೇನೂ ಚೆನ್ನಾಗಿದೆ. ಎಮಿಲ್ ಯೆಲ್ಲಿನೆಕ್ ಅಂತ ಒಬ್ಬ ದುಡ್ಡಿರೋ ವ್ಯಾಪಾರಿ, ಡೈಮ್ಲರ್ ಕಾರುಗಳನ್ನ ಫ್ರಾನ್ಸಿನ ನೀಸ್ ಕಡೆ ಮಾರ್ತಿದ್ದ, ರೇಸಿಗೂ ಬಿಡ್ತಿದ್ದ, ಮಗಳ ಹೆಸರು ಮರ್ಸಿಡಿಸ್, ರೇಸಲ್ಲಿ ತನ್ನ ಹೆಸರ ಬದಲು ಅದನ್ನೇ ಬರೆಸ್ತಿದ್ದ. 1900ರ ಸುಮಾರಿಗೆ ಹೊಸ ಕಾರು ಮಾಡ್ಸುವಾಗ ಅದಕ್ಕೂ ಮಗಳ ಹೆಸರೇ ಇಡಿಸ್ದ. ಆಮೇಲೆ 1903ರಲ್ಲಿ ತನ್ನ ಹೆಸರನ್ನೇ ಯೆಲ್ಲಿನೆಕ್ ಮರ್ಸಿಡಿಸ್ ಅಂತ ಬದಲಾಯಿಸ್ಕೊಂಡ ಆಸಾಮಿ! ಅಪ್ಪನ ಹೆಸರು ಮಕ್ಕಳಿಗೆ ಬರೋದು ಕೇಳಿದೀವಿ, ಇಲ್ಲಿ ಮಗಳ ಹೆಸರು ಕಾರಿಗೆ ಹೋಗಿ ಅಲ್ಲಿಂದ ವಾಪಸ್ ಅಪ್ಪಂಗೆ ಬಂತು.

ಲಾರಿಯೋರ ಇನ್ನೊಂದು ಪದ್ಧತಿ ನಂಬರಲ್ಲಿ ಕರೆಯೋದು. ಟ್ವೆಲ್ ಟೆನ್, ಸಿಕ್ಸ್‌ಟೀನ್ ತರ್ಟೀನ್, ಫೋರ್ ನಾಟ್ ಸೆವೆನ್. ಚಿಕ್ಕವನಿದ್ದಾಗ ಇವೆಲ್ಲ ಸುಮ್ನೆ ಮಾಡೆಲ್ ನಂಬರ್ ಅನ್ಕೊಂಡಿದ್ದೆ. ಗ್ಯಾರೇಜ್ ಮೇಸ್ತ್ರಿ ಬಿಡಿಸಿ ಹೇಳಿದ್ರು, ಮುಂದಿನ ನಂಬರು ಗಾಡಿಯ ಒಟ್ಟು ತೂಕ ಎಷ್ಟು ಟನ್ ಅಂತ, ಹಿಂದಿನದ್ದಕ್ಕೆ ಒಂದು ಸೊನ್ನೆ ಸೇರಿಸಿದ್ರೆ ಹೆಚ್ಚುಕಮ್ಮಿ ಹಾರ್ಸ್ ಪವರ್. 1210 ಅಂದ್ರೆ ಹನ್ನೆರಡು ಟನ್ನು, ನೂರು ಕುದುರೆ. 1613 ಅಂದ್ರೆ ಹದಿನಾರು ಟನ್ನು, ನೂರಾ ಮೂವತ್ತು ಕುದುರೆ. 1986ರಲ್ಲಿ ಬಂದ 407ಗೂ ಇದೇ ಲೆಕ್ಕ. ಇದೂ ಬೆಂಜ್‌ನೋರು ಬಿಟ್ಟು ಹೋದ ಅಭ್ಯಾಸವೇ. ನನಗೆ ಇದಕ್ಕಿಂತ ಪ್ರಾಮಾಣಿಕ ಹೆಸರು ಕಾಣ್ಸಿಲ್ಲ, ಗಾಡಿ ಹೆಸರಲ್ಲೇ ಅದರ ಯೋಗ್ಯತೆ ಬರೆದಿರುತ್ತೆ. ಈಗಿನ ಕಾರುಗಳ ಹೆಸರು ಕೇಳಿದ್ರೆ ಅದು ಕಾರೋ ಶಾಂಪೂನೋ ಗೊತ್ತಾಗಲ್ಲ.

ಇನ್ನು ಕ್ಯಾಂಟರ್. ಟೊಮೇಟೊ ಸೀಸನ್ನಲ್ಲಿ ಯಾರ್ಡ್ ಒಳಗೆ ಕಾಲಿಡೋಕೆ ಜಾಗ ಇರಲ್ಲ, ಹದಿನೈದು ಕೆಜಿ ಬಾಕ್ಸುಗಳು ತಲೆ ಮಟ್ಟಕ್ಕೆ ಪೇರಿಸಿರ್ತಾರೆ, ನೆಲದ ಮೇಲೆ ಒಡೆದ ಹಣ್ಣಿನ ರಸ ಜಾರುತ್ತೆ, ಹಮಾಲಿಗಳು ಹೆಗಲ ಮೇಲೆ ಬಾಕ್ಸ್ ಇಟ್ಕೊಂಡು ಒಂದು ಕೈಯಲ್ಲಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ದಾರಿ ಬಿಡ್ರೋ ಅಂತ ಆಡಿಸ್ತಾ ಓಡ್ತಿರ್ತಾರೆ. ಅಲ್ಲಿ ಮಂಡಿ ರೈಟರ್ ಕೂಗೋದು ಕೇಳ್ಬೇಕು. "ಆ ಚೆನ್ನೈ ಮಾಲು ಕ್ಯಾಂಟರಿಗೆ ಹಾಕ್ರೋ, ಲಾರಿಗಲ್ಲ!" ನೋಡಿದ್ರೆ ಅಲ್ಲಿ ನಿಂತಿರೋದು ಟಾಟಾ. ಅದರ ಪಕ್ಕ ಐಷರ್, ಆ ಕಡೆ ಅಶೋಕ್ ಲೇಲ್ಯಾಂಡ್. ಮೂರೂ ಕ್ಯಾಂಟರೇ. ಲಾರಿಗಿಂತ ಚಿಕ್ಕದು, ಪಿಕಪ್‌ಗಿಂತ ದೊಡ್ಡದು, ಅಷ್ಟೇ ಅರ್ಥ. ಪೇಪರಿನೋರೂ ಬಿಟ್ಟಿಲ್ಲ, "ಕ್ಯಾಂಟರ್ ಡಿಕ್ಕಿ, ಬೈಕ್ ಸವಾರನಿಗೆ ಗಾಯ" ಅಂತ ದಿನಾ ಓದ್ತೀವಿ, ಯಾವ ಕಂಪನಿ ಗಾಡಿ ಅಂತ ಯಾರೂ ಕೇಳಲ್ಲ.

ಕ್ಯಾಂಟರ್ ಅಸಲಿಗೆ ಜಪಾನಿನ ಮಿತ್ಸುಬಿಷಿಯವರ ಲಾರಿ, 1963ರಿಂದ ಆ ಹೆಸರಲ್ಲಿ ಮಾಡ್ತಿದ್ರು. ಕುದುರೆ ಹದವಾಗಿ, ತೀರಾ ನಾಗಾಲೋಟ ಅಲ್ದೆ ಓಡೋ ಓಟಕ್ಕೆ ಇಂಗ್ಲಿಷಲ್ಲಿ ಆ ಪದ. ಎಂಬತ್ತರ ದಶಕದಲ್ಲಿ ಐಷರ್‌ನೋರು ಮಿತ್ಸುಬಿಷಿ ಜೊತೆ ಕೈ ಜೋಡಿಸಿ ಅದನ್ನ ಇಲ್ಲಿಗೆ ತಂದ್ರು. ಅದೇ ಟೈಮಲ್ಲಿ ಬೇರೆ ಜಪಾನ್ ಗಾಡಿಗಳೂ ಬಂದಿದ್ವು, ಸ್ವರಾಜ್ ಮಜ್ದಾ ಒಂದು, ಡಿಸಿಎಂ ಟೊಯೋಟಾ ಒಂದು. ಟೊಯೋಟಾ ಅನ್ನೋ ಹೆಸರನ್ನ ನಾವು ಕ್ವಾಲಿಸ್ ಬಂದ್ಮೇಲೆ ಕೇಳಿದ್ದು ಅನ್ಕೊಂಡಿರ್ತೀವಿ, ಅದಕ್ಕಿಂತ ಎಷ್ಟೋ ಮುಂಚೆ ನಮ್ಮ ರೋಡಲ್ಲಿ ಟೊಯೋಟಾ ಲಾರಿ ಓಡಾಡ್ತಿತ್ತು. ಉತ್ತರದ ಕಡೆ ಕೆಲವು ಕಡೆ ಈ ಸೈಜಿನ ಗಾಡಿಗೆಲ್ಲ ಡಿಸಿಎಂ ಅನ್ನೋದೇ ವಾಡಿಕೆ, ನಮ್ಮಲ್ಲಿ ಕ್ಯಾಂಟರ್ ಗೆದ್ದಿತು. ಅಡ್ಡಹೆಸರಿಗೂ ಏರಿಯಾ ಇರುತ್ತೆ.

ಅದಕ್ಕೆ ಇನ್ನೊಂದು ಸಾಕ್ಷಿ ಟಾಟಾ ಏಸ್. 2005ರಲ್ಲಿ ಬಂತು. ಹಿಂದಿಯೋರು ಛೋಟಾ ಹಾಥಿ ಅಂದ್ರು, ಗಡಿ ದಾಟಿ ತಮಿಳುನಾಡಿಗೆ ಹೋದ್ರೆ ಕುಟ್ಟಿ ಯಾನೈ. ಎರಡೂ ಕಡೆ ಆನೆ. ನಮ್ಮಲ್ಲಿ ಮಾತ್ರ ಯಾಕೋ ಆನೆ ಹತ್ಲಿಲ್ಲ, ಟಾಟಾ ಏಸ್ ಅಂದ್ಕೊಂಡೇ ಸುಮ್ನಾದ್ವಿ. ಮೂರು ಭಾಷೆ ಕಲಸಿ ಮಾತಾಡೋ ನಮ್ಮ ಜಿಲ್ಲೆ ಹೀಗೆ ಕೈ ಬಿಡ್ತಲ್ಲ ಅಂತ ನನಗೊಂದು ಬೇಜಾರಿದೆ.

ಟೆಂಪೋನೂ ಇದೇ ಜಾತಿ. ಜರ್ಮನಿಯ ಹ್ಯಾಂಬರ್ಗ್ ಕಡೆ ಟೆಂಪೋ ಅಂತ ಒಂದು ಕಂಪನಿ ಮೂರು ಚಕ್ರದ ಗೂಡ್ಸ್ ಗಾಡಿ ಮಾಡ್ತಿತ್ತು, 1958ರಲ್ಲಿ ಬಜಾಜ್ ಟೆಂಪೋ ಅಂತ ಇಲ್ಲಿ ಶುರುವಾಯ್ತು, ಅಲ್ಲಿ ಜರ್ಮನಿಲಿ ಆ ಬ್ರ್ಯಾಂಡ್ ಯಾವತ್ತೋ ಕಣ್ಮರೆ ಆಯ್ತು, ಇಲ್ಲೂ 2005ರಲ್ಲಿ ಕಂಪನಿ ಫೋರ್ಸ್ ಮೋಟರ್ಸ್ ಅಂತ ಬೋರ್ಡ್ ಬದಲಾಯಿಸ್ತು. ಧರ್ಮಸ್ಥಳಕ್ಕೋ ತಿರುಪತಿಗೋ ಹೊರಟ ಫ್ಯಾಮಿಲಿ ಮಾತ್ರ ಈಗಲೂ ಬುಕ್ ಮಾಡೋದು "ಟಿಟಿ"ನೇ, ಟೆಂಪೋ ಟ್ರಾವೆಲರ್.

ಮಣ್ಣಿನ ಕೆಲಸಕ್ಕೆ ಬಂದ್ರೆ ಜೆಸಿಬಿ ಎಲ್ಲರಿಗೂ ಗೊತ್ತು, ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅನ್ನೋ ಇಂಗ್ಲೆಂಡಿನ ಮನುಷ್ಯನ ಇನಿಷಿಯಲ್ಲು, 1945ರಲ್ಲಿ ಶುರು ಮಾಡಿದ್ದು. ನನಗೆ ಇಷ್ಟ ಆಗೋದು "ಇಟಾಚಿ". ಚೈನ್ ಮೇಲೆ ಓಡೋ ದೊಡ್ಡ ಅಗೆಯೋ ಮಿಷಿನ್ನಿಗೆಲ್ಲ ನಮ್ಮ ಕಡೆ ಇಟಾಚಿ ಅಂತಾರೆ, ಹಿಟಾಚಿ ಬಾಯಲ್ಲಿ ಸವೆದು ಹಾಗಾಗಿದ್ದು. ಕೆರೆ ಹೂಳೆತ್ತೋ ಕೆಲಸಕ್ಕೆ "ಎರಡು ಇಟಾಚಿ, ಐದು ಟಿಪ್ಪರ್" ಅಂತ ಲೆಕ್ಕ ಹಾಕ್ತಾರೆ. ಬಂದು ನಿಂತಿರೋದು ಕೊಮಾಟ್ಸು ಇರ್ಬೋದು, ಹ್ಯುಂಡೈ ಇರ್ಬೋದು. ಇನ್ನೂ ತಮಾಷೆ ಏನಂದ್ರೆ ನಮ್ಮ ಪಕ್ಕದ ಕೆಜಿಎಫ್‌ನಲ್ಲೇ ಬೆಮೆಲ್‌ನೋರು ಇಂಥ ಮಿಷಿನ್ ಮಾಡ್ತಾರೆ, ನಮ್ಮ ಜಿಲ್ಲೆಯೋರೇ ಎಷ್ಟೋ ಜನ ಅಲ್ಲಿ ದುಡಿದು ರಿಟೈರ್ ಆಗಿದ್ದಾರೆ, ಆ ಮಿಷಿನ್ ಬೀದಿಗೆ ಬಂದ್ರೂ ನಮ್ಮೂರು ಕರೆಯೋದು ಇಟಾಚಿ ಅಂತ. ಮೊದಲು ಬಂದೋನಿಗೆ ಹೆಸರು, ಪಕ್ಕದ ಮನೆಯೋನಾದ್ರೂ ಅಷ್ಟೇ.

ವೋಲ್ವೋ ಕೂಡ ಹಂಗೇ ಅನ್ನಿ. ಹೊಸಕೋಟೆ ಫ್ಯಾಕ್ಟರಿ ನಮಗೆ ಹತ್ರ, 2001ರಲ್ಲಿ ಬಿ7ಆರ್ ಬಸ್ಸು ಬಂತು, ಕೆಎಸ್‌ಆರ್‌ಟಿಸಿಯೋರು ಐರಾವತ ಅಂತ ಚೆಂದದ ಹೆಸರಿಟ್ರು, ಜನ ಮಾತ್ರ ವೋಲ್ವೋ ಅಂದ್ರು. ಈಗ ಎಸಿ ಹಾಕಿ ಸೀಟು ಹಿಂದಕ್ಕೆ ಬಾಗಿದ್ರೆ ಮುಗೀತು, ಅದು ಸ್ಕ್ಯಾನಿಯಾ ಆಗಿರ್ಲಿ ಇನ್ನೇನೇ ಆಗಿರ್ಲಿ, ವೋಲ್ವೋನೇ. ಸ್ವೀಡನ್ನಿನವರು ಮೊದಲು ಈ ಹೆಸರು ರಿಜಿಸ್ಟರ್ ಮಾಡಿಸಿದ್ದು ಬಾಲ್ ಬೇರಿಂಗಿಗೆ, ಲ್ಯಾಟಿನ್ನಲ್ಲಿ ಉರುಳ್ತೀನಿ ಅಂತ ಅರ್ಥ, ಕಾರು ಬಂದಿದ್ದು ಆಮೇಲೆ 1927ರಲ್ಲಿ.

ಕಾರುಗಳಿಗೆ ಬರ್ತೀನಿ, ಇಲ್ಲಾಂದ್ರೆ ಹುಡುಗ್ರು ಲಾರಿ ಪುರಾಣ ಅಂತಾರೆ.

ನಮ್ಮಪ್ಪನ ತಲೆಮಾರಿಗೆ ಎರಡೇ ಕಾರು, ಅಂಬಾಸಿಡರ್ ಮತ್ತೆ ಫಿಯೆಟ್. ಅಂಬಾಸಿಡರನ್ನ ಈಗಿನ ಹಳೇ ಕಾರು ಪ್ರಿಯರು ಆಂಬಿ ಅಂತಾರೆ, ಆಗ ನಮ್ಮೂರಲ್ಲಿ ಯಾರೂ ಹಂಗಂದಿದ್ದು ಕೇಳಿಲ್ಲ. ಫಿಯೆಟ್ ವಿಷಯ ನೋಡಿ. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಾಂಬೆಯ ಪ್ರೀಮಿಯರ್ ಕಂಪನಿಯೋರು ಮಾಡೋಕೆ ಶುರು ಮಾಡಿದ್ರು, ಎಪ್ಪತ್ತರ ದಶಕದಲ್ಲಿ ಇಟಲಿಯೋರ ಲೈಸೆನ್ಸ್ ಮುಗಿದು ಮೊದಲು ಪ್ರೆಸಿಡೆಂಟ್, ಆಮೇಲೆ ರಾಣಿ ಪದ್ಮಿನಿ ಹೆಸರಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಮಾಡಿದ್ರು. ಹಿಂದೆ ಡಿಕ್ಕಿ ಮೇಲೆ ಅಷ್ಟು ದಪ್ಪಕ್ಕೆ ಪದ್ಮಿನಿ ಅಂತ ಬರೆದಿದ್ರೂ ಎಲ್ಲರೂ ಫಿಯೆಟ್ ಅಂದ್ರು. ಮಾರುತಿ ವ್ಯಾನೂ ಹಂಗೇ, 1984ರಲ್ಲಿ ಬಂದಾಗ ಅದರ ಹೆಸರೇ ಮಾರುತಿ ವ್ಯಾನ್, 1988ರಲ್ಲಿ ಕಂಪನಿ ಓಮ್ನಿ ಅಂತ ಬದಲಾಯಿಸ್ತು, ಮೂವತ್ತು ವರ್ಷ ಓಮ್ನಿ ಅಂತ ಮಾರಿ 2019ರಲ್ಲಿ ನಿಲ್ಸಿದ್ರು. ಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗೋ ಅಣ್ಣ ಇವತ್ತೂ "ವ್ಯಾನ್ ಬಂತು ಬನ್ರೋ" ಅಂತಾನೇ ಕೂಗ್ತಾನೆ. ಸಿನಿಮಾ ನೋಡೋರಿಗೆ ಮಾತ್ರ ಅದು ಕಿಡ್ನ್ಯಾಪ್ ಗಾಡಿ, ಪಕ್ಕದ ಬಾಗಿಲು ಸರ್ ಅಂತ ಜಾರಿಸಿ ಎಳ್ಕೊಳ್ಳೋಕೆ ಅಷ್ಟು ಅನುಕೂಲ!

ಸುಮೋ ಬಗ್ಗೆ ಒಂದು ಮಾತು. 1994ರಲ್ಲಿ ಬಂದಾಗ ಆ ಚೌಕಾಕಾರದ ದಪ್ಪ ಬಾಡಿ ನೋಡಿ ಜಪಾನಿನ ಕುಸ್ತಿಯೋರ ಹೆಸರು ಇಟ್ಟಿದ್ದಾರೆ ಅಂತಾನೇ ನಾವೆಲ್ಲ ಅಂದ್ಕೊಂಡಿದ್ದು, ಈಗಲೂ ಬಹಳ ಜನ ಹಂಗೇ ಅನ್ಕೊಂಡಿದ್ದಾರೆ. ಅದು ಸುಮಂತ್ ಮೂಳ್‌ಗಾಂವ್ಕರ್ ಅನ್ನೋರ ಹೆಸರು, ಮೊದಲ ಹೆಸರಿಂದ ಸು, ಮನೆ ಹೆಸರಿಂದ ಮೋ. ಟಾಟಾ ಲಾರಿ ಕಂಪನಿಯನ್ನ ಕಟ್ಟಿ ನಿಲ್ಸಿದೋರು, ಚಿಕ್ಕಪ್ಪನ ಬೆಂಜ್ ಲಾರಿ ಹಿಂದಿರೋ ತಲೇನೂ ಅವರದ್ದೇ.

ಜೀಪ್ ಬಗ್ಗೆನೂ ಇಂಥದ್ದೇ ಒಂದು ಕಥೆ ಓಡಾಡುತ್ತೆ, ಜನರಲ್ ಪರ್ಪಸ್ ಅನ್ನೋದರ ಜಿ ಮತ್ತೆ ಪಿ ಸೇರಿ ಜೀಪ್ ಆಯ್ತು ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಯುದ್ಧಕಾಲದಲ್ಲಿ ಫೋರ್ಡ್‌ನೋರು ಮಾಡಿದ ಜೀಪಿನ ಮಾಡೆಲ್ ಹೆಸರು ಜಿಪಿಡಬ್ಲ್ಯೂ, ಅದರಲ್ಲಿ ಜಿ ಅಂದ್ರೆ ಗೌರ್ನಮೆಂಟ್ ಗಾಡಿ, ಪಿ ಅಂದ್ರೆ 80 ಇಂಚಿನ ವೀಲ್‌ಬೇಸಿಗೆ ಅವರಿಟ್ಕೊಂಡಿದ್ದ ಕೋಡು, ಡಬ್ಲ್ಯೂ ಅಂದ್ರೆ ವಿಲ್ಲೀಸ್ ಕಂಪನಿ ಡಿಸೈನು. ಜನರಲ್ಲೂ ಇಲ್ಲ ಪರ್ಪಸ್ಸೂ ಇಲ್ಲ. ನಮ್ಮ ಕಡೆ ಪೊಲೀಸ್ನೋರು ಬೊಲೆರೋದಲ್ಲಿ ಬಂದ್ರೂ ಜೀಪ್ ಬಂತು ಅಂತ್ಲೇ ಓಡೋದು.

ಹುಡುಗ್ರು ಪ್ರೀತಿಯಿಂದ ಇಟ್ಟ ಹೆಸರುಗಳೂ ಇವೆ, ಇಲ್ಲ ಅಂತಲ್ಲ. ಹೋಂಡಾ ಸಿಟಿ ತಗೊಳ್ಳಿ. ಟೇಕಲ್ ರೋಡಲ್ಲಿ ಯಾರನ್ನಾದ್ರೂ "ವಿಟೆಕ್ ಸಿಗುತ್ತಾ" ಅಂತ ಕೇಳಿ, ಅವನಿಗೆ ತಕ್ಷಣ ಗೊತ್ತಾಗುತ್ತೆ ನೀವು ಕೇಳ್ತಿರೋದು ಮೊದಲ ತಲೆಮಾರಿನ ಆ ತಗ್ಗಿನ ಸಿಟಿ, 106 ಕುದುರೆಯದ್ದು. ವಿಟೆಕ್ ಅನ್ನೋದು ವಾಲ್ವು ಎಷ್ಟು ತೆಗೀಬೇಕು ಎಷ್ಟೊತ್ತು ತೆಗೀಬೇಕು ಅಂತ ಎಂಜಿನ್ ಸ್ಪೀಡ್ ನೋಡಿ ಬದಲಾಯಿಸೋ ಟೆಕ್ನಾಲಜಿ, ಆಮೇಲಿನ ಹೋಂಡಾಗಳಲ್ಲೂ ಅದರ ತಮ್ಮಂದಿರು ಇದ್ದಾರೆ, ಆದ್ರೂ ಹೆಸರು ಆ ಒಂದು ಕಾರಿಗೇ ಅಂಟ್ಕೊಂಡಿದೆ. ಅದಾದ್ಮೇಲೆ 2003ರಲ್ಲಿ ಬಂದ ಸಿಟಿಗೆ ಮೂತಿ ನೋಡಿ ಡಾಲ್ಫಿನ್ ಅಂದ್ರು. ನಾನಂತೂ ವಿಟೆಕ್ ಪಾರ್ಟಿ, ಡಾಲ್ಫಿನ್ ನೋಡೋಕೆ ನನಗೆ ಯಾವತ್ತೂ ಹಿಡಿಸ್ಲಿಲ್ಲ.

ಹೊರಗಡೆ ಇಂಥ ಹೆಸರಲ್ಲಿ ನನಗೆ ಭಾರೀ ಅನ್ಸೋದು ನಿಸ್ಸಾನ್ ಸ್ಕೈಲೈನ್ ಜಿಟಿ ಆರ್‌ಗೆ ಇಟ್ಟ ಗಾಡ್ಜಿಲ್ಲಾ. ಅದನ್ನಿಟ್ಟಿದ್ದು ಜಪಾನಿನೋರಲ್ಲ, ಆಸ್ಟ್ರೇಲಿಯಾದ ವೀಲ್ಸ್ ಅನ್ನೋ ಪತ್ರಿಕೆ, 1989ರಲ್ಲಿ. ಜಪಾನಿಂದ ಎದ್ದು ಬರೋ ರಾಕ್ಷಸ ಅಂತ ಅರ್ಥದಲ್ಲಿ ಬರೆದ್ರು, ಅದು 1991 ಮತ್ತೆ 1992ರಲ್ಲಿ ಅವರದ್ದೇ ಬ್ಯಾಥರ್ಸ್ಟ್ ರೇಸ್ ಗೆದ್ದು ನಿಜಕ್ಕೂ ರಾಕ್ಷಸನೇ ಆಯ್ತು. ಫೋಕ್ಸ್‌ವ್ಯಾಗನ್ ಬೀಟಲ್ ಇನ್ನೊಂದು, ಕಂಪನಿ ಕಾಗದದಲ್ಲಿ ಸುಮ್ನೆ ಟೈಪ್ 1 ಅಂತಿದ್ದಿದ್ದು, ಜನ ಹುಳ ಅಂದ್ರು, ಕೊನೆಗೆ ಕಂಪನೀನೇ ಸೋತು ಜಾಹೀರಾತಲ್ಲಿ ಹುಳ ಅಂತ ಒಪ್ಕೊಳ್ತು. ಮೆಕ್ಸಿಕೋದಲ್ಲಿ ಅದು ವೋಚೋ, ಬ್ರೆಜಿಲ್ಲಲ್ಲಿ ಫುಸ್ಕಾ. 2003ರಲ್ಲಿ ಮೆಕ್ಸಿಕೋದ ಪ್ವೆಬ್ಲಾದಲ್ಲಿ ಕೊನೇದು ಹೊರಗೆ ಬರೋ ಹೊತ್ತಿಗೆ ಎರಡು ಕೋಟಿಗಿಂತ ಜಾಸ್ತಿ ಹುಳ ಆಗಿತ್ತು.

ಈಗ ಮೈಸೂರಿಗೂ ಆಡಿ ಕಾರಿಗೂ ಇರೋ ಸಂಬಂಧ ಹೇಳ್ತೀನಿ, ಇದು ನನ್ನ ಫೇವರಿಟ್. ಆಗಸ್ಟ್ ಹಾರ್ಕ್ ಅನ್ನೋನು ತನ್ನದೇ ಹೆಸರಿನ ಕಂಪನಿಯಿಂದ 1909ರಲ್ಲಿ ಜಗಳ ಮಾಡ್ಕೊಂಡು ಹೊರಗೆ ಬಂದ, ಹೊಸ ಕಂಪನಿಗೆ ತನ್ನ ಹೆಸರು ಇಟ್ಕೊಳ್ಳೋ ಹಾಗಿಲ್ಲ. ಪಾರ್ಟ್‌ನರ್ ಮನೇಲಿ ಕೂತು ಯೋಚ್ನೆ ಮಾಡುವಾಗ ಆ ಮನೆ ಹುಡುಗ ಲ್ಯಾಟಿನ್ ಪಾಠ ಓದ್ಕೊಳ್ತಿದ್ದ. ಹಾರ್ಕ್ ಅಂದ್ರೆ ಜರ್ಮನಲ್ಲಿ ಕೇಳು ಅಂತ, ಅದನ್ನೇ ಲ್ಯಾಟಿನ್ನಲ್ಲಿ ಆಡಿ ಅಂತ ಇಟ್ರಾಯ್ತು ಅಂದ. 1932ರಲ್ಲಿ ನಾಲ್ಕು ಕಂಪನಿ ಸೇರ್ಕೊಂಡ್ವು, ಅದಕ್ಕೇ ಆಡಿ ಮೂತಿಯಲ್ಲಿ ನಾಲ್ಕು ಉಂಗುರ. ಆ ನಾಲ್ಕರಲ್ಲಿ ಒಂದರ ಹೆಸರು ವಾಂಡರರ್. ಈ ವಾಂಡರರ್ ಅದಕ್ಕೂ ಮುಂಚೆ 1929ರಲ್ಲಿ ತನ್ನ ಬೈಕ್ ವ್ಯವಹಾರವನ್ನ ಚೆಕ್ ದೇಶದ ಯಾನೆಚೆಕ್ ಅನ್ನೋನಿಗೆ ಮಾರಿತ್ತು, ಅವನು ತನ್ನ ಹೆಸರಿಂದ ಎರಡಕ್ಷರ, ವಾಂಡರರ್‌ನಿಂದ ಎರಡಕ್ಷರ ತಗೊಂಡು ಜಾವಾ ಅಂದ. ಅದೇ ಜಾವಾ ಅರವತ್ತರ ದಶಕದಲ್ಲಿ ಮೈಸೂರಿಗೆ ಬಂತು, ಆಮೇಲೆ ಯೆಜ್ಡಿ ಆಯ್ತು. ಹಾಗಾಗಿ ನಿಮ್ಮ ತಾತನ ಜಾವಾ ಇನ್ನೂ ಮನೆ ಹಿಂದೆ ಇದ್ರೆ, ಎದುರು ಮನೆಯೋರ ಆಡಿ ಉಂಗುರದಲ್ಲಿ ಒಂದು ನಮ್ಮ ಕಡೆಯೋರದ್ದು ಅಂತ ಧಾರಾಳವಾಗಿ ಹೇಳ್ಬೋದು.

ಕಂಪನಿಗಳು ಹೆಸರಿಗೆ ಹೊಡೆದಾಡೋದು ನೋಡಿದ್ರೆ ನಗು ಬರುತ್ತೆ. ಪೋರ್ಷೆಯವರು 901 ಅಂತ ಕಾರು ತೋರ್ಸಿದ್ರು, ಮಧ್ಯೆ ಸೊನ್ನೆ ಇರೋ ಮೂರಂಕಿ ಫ್ರಾನ್ಸಲ್ಲಿ ನಮ್ಮ ಹಕ್ಕು ಅಂತ ಪ್ಯೂಜೋ ತಕರಾರು ತೆಗೀತು, 1964ರಲ್ಲಿ ಸೊನ್ನೆ ಒಂದಾಗಿ 911 ಆಯ್ತು. ನಮ್ಮಲ್ಲಿ 2024ರಲ್ಲಿ ಮಹೀಂದ್ರಾ ಎಲೆಕ್ಟ್ರಿಕ್ ಕಾರಿಗೆ ಬಿಇ 6ಇ ಅಂತ ಇಟ್ರು, 6ಇ ನಮ್ಮ ವಿಮಾನದ ಕೋಡು ಅಂತ ಇಂಡಿಗೋ ಕೋರ್ಟಿಗೆ ಹೋಯ್ತು, ಮಹೀಂದ್ರಾದೋರು ಇ ತೆಗೆದು ಬಿಇ 6 ಮಾಡಿದ್ರು. ಮೇಸ್ತ್ರಿಗೆ ಇದನ್ನ ಹೇಳ್ದೆ. ಜ್ಯಾಕ್ ಹಾಕಿದ ಗಾಡಿ ಕೆಳಗಿಂದ ತಲೆ ಹೊರಗೆ ಹಾಕಿ, "ಬಿಇ ಓದಿದ್ರೂ ಅಷ್ಟೇ ಬಿಡಪ್ಪ, ನಮಗೆ ಚಾರ್ಜಿಂಗ್ ಗಾಡಿ. ಆಯಿಲ್ ಚೇಂಜೂ ಇಲ್ಲ, ನಮಗೆ ಕೆಲ್ಸಾನೂ ಇಲ್ಲ" ಅಂದು ವಾಪಸ್ ಒಳಗೆ ಹೋದ್ರು.

ಕಾರಿಗೆ ಇನ್ನೂ ಸರಿಯಾದ ಹೆಸರು ಬಿದ್ದಿಲ್ಲ, ಸ್ಕೂಟರಿಗೆ ಆಗ್ಲೇ ಬಿದ್ದಂಗಿದೆ. ಹೋದ ತಿಂಗಳು ನಮ್ಮ ಬೀದಿಲಿ ಒಬ್ಬರು ಹೊಸ ಎಲೆಕ್ಟ್ರಿಕ್ ಚೇತಕ್ ತಂದು ಪೂಜೆ ಮಾಡ್ಸಿದ್ರು, ನಿಂಬೆಹಣ್ಣು ಚಕ್ರದ ಕೆಳಗೆ ಇನ್ನೂ ಒದ್ದೆಯಾಗಿತ್ತು, ಪಕ್ಕದ ಮನೆ ಅಜ್ಜಿ ಬಾಗಿಲಲ್ಲೇ ನಿಂತು ನಮ್ಮಮ್ಮಂಗೆ ಕೂಗಿ ಹೇಳಿದ್ರು, "ನೋಡಮ್ಮ, ಅವ್ರೂ ಓಲಾ ತಗೊಂಡ್ರು!"